ರಿಫ್ರೆಶ್ ಮಾಡದ ಪುಟ

ಆ ಭಾನುವಾರ ಬೆಳಿಗ್ಗೆ ಅಕ್ಕ ತಲೆತುಂಬ ಕೌದಿ ಹೊದ್ದುಕೊಂಡು ಮಂಚದ ಮೇಲೆ ಕೂತಿದ್ದಳು. ಕೌದಿಯೊಳಗೆ ಅವಳ ಜೊತೆ ನನ್ನ ಆಫೀಸಿನ ಲ್ಯಾಪ್‌ಟಾಪ್ ಇತ್ತು. ಯಾರಾದರೂ ಬಾಗಿಲಲ್ಲಿ ನಿಂತು ನೋಡಿದ್ದರೆ ನೆಗಡಿಯಾದವರು ಬಿಸಿನೀರಿನ ಆವಿ ತೆಗೆದುಕೊಳ್ಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಒಳಗಿನಿಂದ ಮಾತ್ರ ಪುಸ್ತಕದ ಕನ್ನಡ ಬರುತ್ತಿತ್ತು.

"ದಯವಿಟ್ಟು ರಕ್ತ ಪರೀಕ್ಷೆಯ ಕೊಠಡಿಗೆ ಬನ್ನಿ."

ನಾನು ಕೆಲಸ ಮಾಡುವುದು ಹೊರಮಾವಿನ ಒಂದು ಚಿಕ್ಕ ಕಂಪನಿಯಲ್ಲಿ. ಕ್ಲಿನಿಕ್‌ಗಳಲ್ಲಿ ಗೋಡೆಯ ಮೇಲೆ ಟಿವಿ ಇರುತ್ತದಲ್ಲ, ಅದರಲ್ಲಿ ಟೋಕನ್ ಸಂಖ್ಯೆ ಬಂದು ಒಂದು ದನಿ ಕರೆಯುತ್ತದಲ್ಲ, ಅದನ್ನು ಮಾಡುವವರು ನಾವು. ನೋಡುವವರಿಗೆ ಟಿವಿ, ಆದರೆ ಒಳಗೆ ಓಡುವುದು ಬ್ರೌಸರಿನಲ್ಲಿ ತೆರೆದಿಟ್ಟ ಒಂದು ವೆಬ್ ಪುಟ. ನಾನು ಟೆಸ್ಟರ್. ಬೇರೆಯವರು ಮಾಡಿದ್ದನ್ನು ಒತ್ತಿ, ಎಳೆದು, ಕಾಯ್ದು, ಎಲ್ಲಿ ಕೆಡುತ್ತದೆ ಎಂದು ಹೇಳುವುದು ನನ್ನ ಕೆಲಸ. ಕನ್ನಡದ ದನಿ ಬೇಕಾದಾಗ ನಮ್ಮ ಮೇಡಂ ಅಲ್ಲಿ ಇಲ್ಲಿ ಹುಡುಕುತ್ತಿದ್ದರು. ಒಂದು ದಿನ ಅಕ್ಕ ನನ್ನನ್ನು ಕೇಳಿಕೊಂಡು ಆಫೀಸಿಗೆ ಫೋನ್ ಮಾಡಿದಾಗ ಮೇಡಂ ಅದನ್ನು ಎತ್ತಿಕೊಂಡು, ಇದೇ ದನಿ ಸಾಕು ಅಂದುಬಿಟ್ಟರು. ಹಾಗೆ ಅಕ್ಕ ಸಂಖ್ಯೆಗಳನ್ನೆಲ್ಲ ಹೇಳಿಕೊಟ್ಟಳು. ಅವು ಕ್ಲಿನಿಕ್‌ಗಳಿಗೆ ಹೋದವು. ಆ ಭಾನುವಾರ ಕೊಠಡಿಗಳ ಹೆಸರು ಹೇಳುತ್ತಿದ್ದಳು.

ಲಿಂಗರಾಜಪುರದಲ್ಲಿ ನಮ್ಮದು ಬಾಡಿಗೆಯ ಒಂದೇ ಕೋಣೆ. ಒಲೆಯೂ ಅದರಲ್ಲೇ, ಮಂಚವೂ ಅದರಲ್ಲೇ. ರೈಲು ಹಾದರೆ ರೆಕಾರ್ಡಿಂಗ್ ಹಾಳು. ಕೆಳಗೆ ಸೊಪ್ಪಿನವಳು ಕೂಗಿದರೆ ಹಾಳು. ಹಾಳಾದಾಗಲೆಲ್ಲ ಅಕ್ಕ ಕೌದಿ ಸರಿಸಿ ಮುಖ ಹೊರಗೆ ಹಾಕಿ ನಮ್ಮ ಕಡೆಯ ಮಾತಿಗೆ ಇಳಿಯುತ್ತಿದ್ದಳು. ಅಪ್ಪ ಟೈಲ್ಸ್ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ನಮ್ಮನ್ನೆಲ್ಲ ಕರೆತಂದು ಬಹಳ ವರ್ಷವಾಗಿದ್ದರೂ ಮನೆಯೊಳಗಿನ ಮಾತು ಬದಲಾಗಿರಲಿಲ್ಲ.

"ಅವ್ವಾ, ಆ ಕುಕ್ಕರಿಗಿ ಒಂದ್ ಗಳಿಗಿ ಸುಮ್ಮ ಕೂಡು ಅಂತ ಹೇಳು."

"ಬ್ಯಾಳಿ ಕುದಿಬೇಕಲ್ಲ? ನಿನ್ನ ಟೋಕನ್ ತಿಂದು ಕೂಡ್ಲೇನು?"

"ಕೊಠಡಿ ಅಂತ ಕೊಠಡಿ. ಇದ್ದಿದ್ದೇ ಒಂದು ಖೋಲಿ, ಅದರಾಗ ನಾ ಮಂದಿನ್ನೆಲ್ಲ ಯಾವ ಕೊಠಡಿಗಿ ಕರೀಲಿ?"

ಅವಳು ಹೀಗೆ ಏನಾದರೂ ಅಂದು ನಗುತ್ತಿದ್ದಳು. ಅದೂ ರೆಕಾರ್ಡ್ ಆಗುತ್ತಿತ್ತು. ಆಮೇಲೆ ಕೆಂಪು ಗುಂಡಿ ಒತ್ತಿ ಅಳಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಪುಟ ಬಹಳ ನಿಧಾನವಾಯಿತು. ಗುಂಡಿ ಒತ್ತಿದರೆ ತುಸು ಹೊತ್ತಿನ ಮೇಲೆ ಕೆಲಸ ಮಾಡುತ್ತಿತ್ತು. ಫ್ಯಾನಿನ ಸದ್ದು ಕೌದಿಯ ಹೊರಗೂ ಕೇಳುತ್ತಿತ್ತು.

"ನಿಮ್ಮ ಡಬ್ಬಿಗಿ ದಮ್ಮು ಹತ್ತೇದ ನೋಡು. ಬಂದ್ ಮಾಡಿ ಮತ್ತ ಚಾಲೂ ಮಾಡ್ಲೇನು?" ಅಂದಳು.

ಬೇಡ ಅಂದೆ. ನಿಧಾನವಾದ ಪುಟ ಸಿಕ್ಕಿದರೆ ಟೆಸ್ಟರುಗಳಾದ ನಾವು ಅದನ್ನು ಹಾಗೆಯೇ ಇಟ್ಟುಕೊಳ್ಳುತ್ತೇವೆ. ರಿಫ್ರೆಶ್ ಮಾಡಿದರೆ ಪುಟ ಹೊಸದಾಗಿಬಿಡುತ್ತದೆ, ಯಾಕೆ ಕೆಟ್ಟಿತು ಎನ್ನುವುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಆಫೀಸಿನಲ್ಲಿ ಅಂಥ ಯಂತ್ರದ ಮೇಲೆ ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸುತ್ತೇವೆ. ಮನೆಯಲ್ಲಿ ಚೀಟಿ ಇರಲಿಲ್ಲ. ಉಳಿದದ್ದನ್ನು ಇನ್ನೊಂದು ದಿನ ಹೇಳಿದರಾಯಿತು ಎಂದು ಪುಟವನ್ನು ತೆರೆದೇ ಬಿಟ್ಟು, ಮುಚ್ಚಳ ಇಳಿಸಿ, ಚಾರ್ಜರ್ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಗೋಡೆಯ ಹಲಗೆಯ ಮೇಲೆ ಇಟ್ಟೆ. ಊಟವಾದ ಮೇಲೆ ಅಕ್ಕ ಅವ್ವನ ತಲೆಗೆ ಎಣ್ಣೆ ಹಚ್ಚಿದಳು. ಸಂಜೆ ಇಬ್ಬರೂ ಹೋಗಿ ಇಸ್ತ್ರಿ ಬಟ್ಟೆ ತಂದೆವು. ಆ ದಿನದ್ದು ಅಷ್ಟೇ.

ಮರುದಿನ ಅಕ್ಕ ಶಿವಾಜಿನಗರದ ಬಟ್ಟೆ ಅಂಗಡಿಯಲ್ಲಿ, ತಾನು ದಿನವೂ ನಿಲ್ಲುವ ಕೌಂಟರಿನ ಹಿಂದೆ ಬಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಎಚ್ಚರವಾಗಲೇ ಇಲ್ಲ. ಊರಿಗೆ ಒಯ್ದು ಮಣ್ಣು ಮಾಡಿ ಬಂದೆವು.

ವಾಪಸು ಬಂದ ಮೇಲೆ ಲ್ಯಾಪ್‌ಟಾಪ್ ಹಲಗೆಯ ಮೇಲೇ ಇತ್ತು. ನಾನು ಅದನ್ನು ತೆರೆಯಲಿಲ್ಲ. ಆಫೀಸಿನಲ್ಲಿ ಬೇರೆ ಯಂತ್ರ ಕೊಟ್ಟಿದ್ದರು. ಅವ್ವ ಮನೆ ಒರೆಸುವಾಗ ಅದರ ಮೇಲಿನ ಧೂಳನ್ನೂ ಒರೆಸಿ ಇದ್ದಲ್ಲೇ ಇಡುತ್ತಿದ್ದಳು.

ನಂತರದ ದಿನಗಳಲ್ಲಿ ನನಗೆ ಅಕ್ಕನ ದನಿಯಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ. ಆಫೀಸಿನಲ್ಲಿ ಯಾರಾದರೂ ಟೋಕನ್ ಪರದೆ ತೆರೆದರೆ ಅವಳು ಮಾತಾಡುತ್ತಿದ್ದಳು. ರಿಚರ್ಡ್ಸ್ ಟೌನಿನಲ್ಲಿ ನಡೆದು ಹೋಗುವಾಗ ಒಂದು ಹಲ್ಲಿನ ಕ್ಲಿನಿಕ್‌ನ ತೆರೆದ ಬಾಗಿಲಿನಿಂದ "ಟೋಕನ್ ಸಂಖ್ಯೆ ಹದಿನಾಲ್ಕು" ಎಂದು ಕೇಳಿ ನಿಂತುಬಿಟ್ಟಿದ್ದೆ. ಒಳಗಿನಿಂದ ಒಬ್ಬರು ಮುದುಕರು ಎದ್ದು, ಅವಳು ಕರೆದ ಕಡೆಗೆ ಹೋದರು.

ಅವ್ವನಿಗೆ ಸಕ್ಕರೆ ಕಾಯಿಲೆ. ಅವಳು ತೋರಿಸುವ ಕ್ಲಿನಿಕ್ ಕೂಡ ನಮ್ಮದೇ ಪರದೆ ಹಾಕಿತ್ತು. ನಾನು ಬೇರೆ ಕಡೆ ಹೋಗೋಣ ಅಂದೆ, ಅವಳು ಕೇಳಲಿಲ್ಲ. ಬೆಂಚಿನ ಮೇಲೆ ನನ್ನ ಕೈ ಹಿಡಿದುಕೊಂಡು ಕೂತಳು. ಅಕ್ಕ ಒಬ್ಬೊಬ್ಬರನ್ನೇ ಕರೆದಳು. ನಮ್ಮ ಸಂಖ್ಯೆಯನ್ನೂ ಕರೆದಳು. ಡಾಕ್ಟರರನ್ನು ನೋಡಿ ಬಂದ ಮೇಲೂ ಅವ್ವ ಮತ್ತೆ ಅದೇ ಬೆಂಚಿನ ಮೇಲೆ ಕೂತಳು. ಬಹಳ ಹೊತ್ತು ಕೇಳಿ, ಹೊರಗೆ ಬಂದು ಅಂದಳು: "ದನಿ ಅಕಿದೇ. ಆದ್ರ ಇದು ಅಕಿ ಅಲ್ಲ. ಅಕಿ ಎಂದು ಹಿಂಗ ಮಾತಾಡ್ಯಾಳ? ನಮ್ಮ ಹಂಗ ಮಾತಾಡಿದ್ದು ಒಂದಾದ್ರೂ ಎಲ್ಲ್ಯಾದ್ರೂ ಅದ ಏನು, ನೋಡು."

ನೋಡಿದೆ. ಇರಲಿಲ್ಲ. ಕೇಳಿದವರಿಗೆ ನಂಬುವುದು ಕಷ್ಟ, ಎಲ್ಲರ ಕೈಯಲ್ಲೂ ಫೋನ್ ಇರುವ ಕಾಲವಿದು. ಆದರೆ ಅಂಗಡಿಗೆ ಸೇರಿದ ಹೊಸದರಲ್ಲಿ ಜೊತೆಯ ಹುಡುಗಿಯರು ಅಕ್ಕನ ಮಾತನ್ನು ಆಡಿಕೊಂಡಿದ್ದರು. ‘ಅದ’ ಅಂದರೆ ನಕ್ಕರು, ‘ಹೋಗ್ಲಾಕತ್ತೀನಿ’ ಅಂದರೆ ಮತ್ತೆ ಮತ್ತೆ ಹೇಳಿಸಿದರು. ಅಂದಿನಿಂದ ಅವಳು ಹೊರಗೆ ಬೆಂಗಳೂರಿನ ಹಾಗೆ ಮಾತಾಡುವುದನ್ನು ಕಲಿತಳು. ಗಿರಾಕಿಗೆ ತಕ್ಕಂತೆ ತಮಿಳು, ದಖ್ಖನಿ ಉರ್ದುವೂ ಬಂತು. ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸು ಅಂದರೆ ನಾಚಿಕೊಂಡು ಟೈಪ್ ಮಾಡುತ್ತಿದ್ದಳು. ಮದುವೆಯ ವಿಡಿಯೋಗಳಲ್ಲಿ ಅವಳ ಬಾಯಿ ಅಲುಗುವುದು ಕಾಣುತ್ತದೆ, ಮೇಲೆ ಹಾಡು ಹಾಕಿದ್ದಾರೆ. ಮನೆಯ ಮಾತು ನಮ್ಮ ನಾಲ್ವರ ನಡುವೆ ಮಾತ್ರ ಇತ್ತು, ಅದನ್ನು ಹಿಡಿದಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಈ ನಡುವೆ ಕ್ಲಿನಿಕ್‌ಗಳಿಂದ ಒಂದು ದೂರು ಬರತೊಡಗಿತು. ಬೆಳಿಗ್ಗೆ ಚೆನ್ನಾಗಿ ಓಡುವ ಪರದೆ ಸಂಜೆಯ ಹೊತ್ತಿಗೆ ತಡವರಿಸುತ್ತದೆ, ಕೆಲವೊಮ್ಮೆ ಪೂರ್ತಿ ನಿಂತುಹೋಗುತ್ತದೆ. ಮೆಮೊರಿ ಸೋರಿಕೆ ಎನ್ನುತ್ತೇವೆ ಇದಕ್ಕೆ. ಹೆಸರು ಸೋರಿಕೆ ಎಂದಿದ್ದರೂ ಏನೂ ಹೊರಗೆ ಹೋಗುವುದಿಲ್ಲ, ಹೋಗಬೇಕಾದದ್ದು ಒಳಗೇ ಉಳಿದುಬಿಡುತ್ತದೆ. ಪುಟದಲ್ಲಿ ಏನನ್ನಾದರೂ ತೆಗೆದುಹಾಕಿದರೆ ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಪುಟದ ಇನ್ಯಾವುದೋ ಭಾಗ ಅದನ್ನು ಹಿಡಿದುಕೊಂಡೇ ಇದ್ದರೆ, ಇದು ಇನ್ನೂ ಬೇಕಾಗಿದೆ ಎಂದುಕೊಂಡು ಬ್ರೌಸರ್ ಆ ಜಾಗವನ್ನು ಖಾಲಿ ಮಾಡುವುದಿಲ್ಲ. ಹೀಗೆ ಒಂದೊಂದೇ ಸೇರಿ ಉಸಿರಾಡಲು ಜಾಗವಿಲ್ಲದಂತಾಗುತ್ತದೆ.

ಅದನ್ನು ಹುಡುಕಲು ನನ್ನ ಜೊತೆ ಒಬ್ಬ ಡೆವಲಪರ್ ಕೂತ. ಫ್ರೇಜರ್ ಟೌನಿನವನು, ನನ್ನದೇ ವಯಸ್ಸು. ಮೊದಲೆಲ್ಲ ಗಂಡಸರು ಹೆಂಗಸರು ಎನ್ನದೆ ಎಲ್ಲರನ್ನೂ ‘ಗುರು’ ಎನ್ನುತ್ತಿದ್ದ. ಅಕ್ಕ ಹೋದ ಮೇಲೆ ನನ್ನೊಬ್ಬಳಿಗೆ ‘ನೀವು’ ಎನ್ನತೊಡಗಿದ್ದ. ಅದು ನನಗೆ ಸೇರುತ್ತಿರಲಿಲ್ಲ, ಆದರೆ ಹೇಳಿರಲಿಲ್ಲ.

ಸೋರಿಕೆ ಹುಡುಕುವ ಕ್ರಮ ಸರಳ, ಬೇಸರದ್ದು. ಪುಟ ಹೊಸದಾಗಿದ್ದಾಗ ಮೆಮೊರಿಯಲ್ಲಿ ಏನೇನಿದೆ ಎಂದು ಒಂದು ಸ್ನ್ಯಾಪ್‌ಶಾಟ್ ತೆಗೆಯಬೇಕು. ಸಂದೇಹವಿರುವ ಕೆಲಸವನ್ನು ಪುಟದಿಂದ ಮತ್ತೆ ಮತ್ತೆ ಮಾಡಿಸಬೇಕು. ಇನ್ನೊಂದು ಸ್ನ್ಯಾಪ್‌ಶಾಟ್ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು, ಹೋಗಬೇಕಾದ್ದು ಯಾವುದು ಹೋಗದೆ ಉಳಿದಿದೆ ಎಂದು ನೋಡಬೇಕು. ನಮಗೆ ಸಂದೇಹವಿದ್ದದ್ದು ದನಿ ಕೇಳಿಸುವ ಪ್ಲೇಯರ್ ಮೇಲೆ. ಅಂದರೆ ಅಕ್ಕ ಕರೆಯುತ್ತಲೇ ಇರಬೇಕು, ನಾವು ಕಾಯಬೇಕು.

ಅವನು ಮೊದಲ ಕರೆಗೇ ಸದ್ದನ್ನು ಪೂರ್ತಿ ಇಳಿಸಿದ. "ಸೌಂಡ್ ಬೇಕಾಗಿಲ್ಲ, ನಂಬರ್ ನೋಡಿದ್ರೆ ಸಾಕು," ಅಂದ. ಪರದೆಯ ಮೂಲೆಯಲ್ಲಿ ಸ್ಪೀಕರಿನ ಚಿತ್ರ ಬೆಳಗುವುದು, ಆರುವುದು ಮಾತ್ರ ಕಾಣುತ್ತಿತ್ತು. ಅದು ಬೆಳಗಿದಾಗಲೆಲ್ಲ ಅವಳು ಈಗ ಏನು ಹೇಳುತ್ತಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು.

ಎರಡನೆಯ ಸ್ನ್ಯಾಪ್‌ಶಾಟ್ ತೆಗೆದು ಹೋಲಿಸಿದಾಗ ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಸಿಕ್ತು ಗುರು. ಇಲ್ಲಿ ನೋಡು." ಹಳೆಯ ಹಾಗೆ ಅಂದದ್ದು ಅವನಿಗೇ ಗೊತ್ತಾಗಲಿಲ್ಲ. "ಪ್ಲೇ ಮಾಡಿದಾಗ ಒಂದು ಪ್ಲೇಯರ್ ಹುಟ್ಟುತ್ತೆ. ಹುಟ್ಟಿದ ತಕ್ಷಣ ಅದು ಬ್ರೌಸರ್ ವಿಂಡೋಗೆ ಹೇಳುತ್ತೆ, ಸೈಜ್ ಚೇಂಜ್ ಆದ್ರೆ ನಂಗೂ ತಿಳಿಸು ಅಂತ. ಆಮೇಲೆ ನಾವು ಪ್ಲೇಯರ್ ತೆಗೆದುಬಿಡ್ತೀವಿ. ಆದ್ರೆ ವಿಂಡೋ ಪಾಪ ಇನ್ನೂ ಅದರ ಅಡ್ರೆಸ್ ಇಟ್ಕೊಂಡು ಕೂತಿದೆ. ಪ್ಲೇಯರ್ ಹಿಂದೇನೇ ಆ ಆಡಿಯೋನೂ ಪೂರ್ತಿ ಉಳ್ಕೊಂಡಿದೆ. ಬೆಳಿಗ್ಗೆಯಿಂದ ಕರೆದಿದ್ದೆಲ್ಲಾ ಸಂಜೆ ತನಕ ಒಳಗೇ ಇದೆ."

"ಬರೆದಿದ್ದು ಯಾರು?" ಅಂದೆ.

"ಯಾರೋ ದಡ್ಡ," ಅಂದು ತನ್ನ ಎದೆ ಮುಟ್ಟಿಕೊಂಡ.

ನಾನು ನಗಬೇಕಿತ್ತು. ನನಗೆ ಬೇರೆಯೇ ಒಂದು ಹೊಳೆಯಿತು. "ರೆಕಾರ್ಡಿಂಗ್ ಮಾಡೋ ಪುಟದಲ್ಲೂ ಇದೇ ಪ್ಲೇಯರ್ ಅಲ್ವಾ?"

"ಹೌದು. ಎರಡಕ್ಕೂ ಒಂದೇ."

"ಅಲ್ಲಿ ಅಳಿಸಿದ್ದೂ ಹೀಗೇ ಉಳಿದಿರುತ್ತಾ?"

"ಉಳಿದಿರಬೇಕು. ಆದ್ರೆ ಆ ಪುಟನ ಯಾರು ಅಷ್ಟು ದಿನ ತೆರೆದಿಟ್ಟಿರ್ತಾರೆ?"

ಆ ಭಾನುವಾರದಿಂದ ಮನೆಯ ಹಲಗೆಯ ಮೇಲೆ ತೆರೆದೇ ಇರುವ ಪುಟದ ಬಗ್ಗೆ ಹೇಳಿದೆ. ನಮ್ಮ ಪುಟಗಳಿಗೆ ಒಂದು ಅಭ್ಯಾಸ ಕಲಿಸಿದ್ದೆವು: ಹೊಸ ಆವೃತ್ತಿ ಬಂದರೆ ಎಲ್ಲೆಲ್ಲಿ ತೆರೆದಿವೆಯೋ ಅಲ್ಲೆಲ್ಲ ತಾವಾಗಿಯೇ ರಿಫ್ರೆಶ್ ಆಗುತ್ತವೆ. ಮನೆಯ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಸಿಗುತ್ತಿದ್ದದ್ದು ನನ್ನ ಫೋನಿನ ಹಾಟ್‌ಸ್ಪಾಟ್‌ನಿಂದ. ನಾನು ಊರಲ್ಲಿದ್ದಾಗ, ಆಫೀಸಿನಲ್ಲಿದ್ದಾಗ ಅದಕ್ಕೆ ಯಾವ ಸುದ್ದಿಯೂ ಮುಟ್ಟಿರಲಿಲ್ಲ. ಮುಚ್ಚಳ ತೆರೆಯದೆ ಇದ್ದದ್ದೇ ಒಳ್ಳೆಯದಾಯಿತು.

"ಫೋನ್ ಕೊಡಿ," ಅಂದ. ಹಾಟ್‌ಸ್ಪಾಟನ್ನು ತಾನೇ ಆಫ್ ಮಾಡಿ, ಆಗಿದೆಯಾ ಎಂದು ಮತ್ತೊಮ್ಮೆ ನೋಡಿ ವಾಪಸು ಕೊಟ್ಟ. ಆಮೇಲೆ ಮೇಡಂ ಹತ್ತಿರ ಹೋಗಿ, ಸೋರಿಕೆ ಸಿಕ್ಕಿದೆ, ಸರಿ ಮಾಡಿದ್ದನ್ನು ನಾಳೆ ಬಿಡುತ್ತೇನೆ, ಇವತ್ತು ಸ್ವಲ್ಪ ಹೊರಗೆ ಹೋಗಬೇಕು ಎಂದು ಹೇಳಿ ಬಂದ.

ಅವನ ಸ್ಕೂಟರಿನಲ್ಲಿ ಹೋದೆವು. ಮಧ್ಯಾಹ್ನವಾಗಿತ್ತು. ಅವ್ವ ಅಪಾರ್ಟ್‌ಮೆಂಟಿನ ಅಡುಗೆ ಕೆಲಸ ಮುಗಿಸಿ ಆಗ ತಾನೇ ಬಂದಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ಅಕ್ಕ ಬಿದ್ದ ಸುದ್ದಿ ಬಂದದ್ದೂ ಇಂಥ ಹೊತ್ತಿನಲ್ಲೇ.

"ಏನಾಯ್ತು?"

"ಏನೂ ಆಗಿಲ್ಲ ಅಮ್ಮಾ," ಅಂದ ಅವನು.

"ಬಾ ತಮ್ಮಾ, ಕೂಡು. ಚಹಾ ಇಡ್ತೀನಿ."

"ಆಮೇಲೆ ಕುಡಿತೀನಿ."

ನಾನು ಲ್ಯಾಪ್‌ಟಾಪನ್ನು ಇಳಿಸಿ ಮಂಚದ ಮೇಲಿಟ್ಟು ಅವ್ವನಿಗೆ ಹೇಳಿದೆ. "ಅಕ್ಕ ಅವತ್ತು ಅಳಿಸಿದ್ದೆಲ್ಲ ಇದರಾಗ ಇನ್ನಾ ಇರಬಹುದು. ಅಕಿ ನಕ್ಕಿದ್ದು, ನಮ್ಮ ಸಂಗಟ ಮಾತಾಡಿದ್ದು."

ಅವ್ವ ನಿಂತಲ್ಲಿಯೇ ಕೂತಳು. "ಇರಬಹುದು ಅಂದ್ರ?"

"ತೆಗಿಲಾಕ ಹೋದ್ರ ಪುಟ ತಡಕೊಳ್ಳಲಾರದೆ ಪೂರಾ ಹೋಗಬಹುದು. ಆವಾಗ ಏನೂ ಉಳಿಯಂಗಿಲ್ಲ."

"ತೆಗಿಲಿಲ್ಲಂದ್ರ?"

"ಒಳಗ ಇರ್ತದ. ಕೇಳ್ಲಾಕ ಬರಂಗಿಲ್ಲ. ಎಂದಾದ್ರೂ ಒಂದಿನ ಈ ಡಬ್ಬಿನೇ ಬಂದ್ ಆಗ್ತದ."

ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒಣಗಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು. "ಕೇಳ್ಲಾಕ ಬರಂಗಿಲ್ಲಂದ್ರ ಇಟ್ಟುಕೊಂಡು ನಾ ಏನ್ ಮಾಡ್ಲಿ? ತೆಗೀರಿ."

ಮುಚ್ಚಳ ತೆರೆದೆ. ಪುಟ ಹಾಗೆಯೇ ಇತ್ತು. ಅರ್ಧ ಹೇಳಿದ ಕೊಠಡಿಗಳ ಹೆಸರು, ಪಕ್ಕದಲ್ಲಿ ಕೆಂಪು ಗುಂಡಿ. ಮುಂದೆ ಹೇಳಬೇಕಾಗಿದ್ದದ್ದು ‘ದಯವಿಟ್ಟು ಕಣ್ಣಿನ ವಿಭಾಗಕ್ಕೆ ಬನ್ನಿ’. ಕೀಲಿಗಳ ನಡುವೆ ಅವಳ ಕೂದಲು ಒಂದು ಇತ್ತು. ಅವನು ಅದನ್ನು ನೋಡಿದ, ಮುಟ್ಟಲಿಲ್ಲ. ನಾನು ತೆಗೆದು ಕರ್ಚೀಫಿನಲ್ಲಿ ಇಟ್ಟುಕೊಂಡೆ.

ಸ್ನ್ಯಾಪ್‌ಶಾಟ್ ತೆಗೆಯುವ ಗುಂಡಿಯನ್ನು ಅವನು ಒತ್ತಲಿಲ್ಲ, ನನ್ನನ್ನು ನೋಡಿದ. ನಾನು ಒತ್ತಿದೆ. ಫ್ಯಾನ್ ಜೋರಾಯಿತು. ಪರದೆ ಮಸುಕಾಯಿತು. ಪುಟ ಪ್ರತಿಕ್ರಿಯಿಸುತ್ತಿಲ್ಲ, ಕಾಯುತ್ತೀರಾ, ಮುಚ್ಚುತ್ತೀರಾ ಎಂದು ಬ್ರೌಸರ್ ಕೇಳಿತು. ಕಾಯುತ್ತೇವೆ ಎಂದು ಒತ್ತಿದೆ. ಅದು ಮತ್ತೆ ಕೇಳಿತು. ಮತ್ತೆ ಒತ್ತಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನಿಗೂ ಇಂಥದ್ದೇ ಒಂದು ಪ್ರಶ್ನೆ ಕೇಳಿದ್ದರು. ಪಕ್ಕದಲ್ಲಿ ಡೆವಲಪರ್ ಏನನ್ನೋ ಬಾಯೊಳಗೇ ಹೇಳಿಕೊಳ್ಳುತ್ತಿದ್ದ, ಪ್ರಾರ್ಥನೆ ಇರಬೇಕು. ಅವ್ವ ಪರದೆಯನ್ನು ನೋಡಲಿಲ್ಲ, ನಮ್ಮಿಬ್ಬರ ಮುಖಗಳನ್ನು ನೋಡುತ್ತಿದ್ದಳು.

ಪುಟ ತಡೆದುಕೊಂಡಿತು. ಸ್ನ್ಯಾಪ್‌ಶಾಟ್ ಬಂತು. ಅದರಲ್ಲಿ ಪ್ಲೇಯರುಗಳು ಇದ್ದವು, ಒಂದರ ಕೆಳಗೆ ಒಂದು. ಅವನು ಮೊದಲು ಒಂದೊಂದನ್ನೇ ಹಿಡಿದು ಫೈಲಾಗಿ ಉಳಿಸಿದ. ಎಲ್ಲ ಉಳಿದಿದೆ ಎಂದು ಖಾತ್ರಿಯಾದ ಮೇಲೆ ಮೊದಲನೆಯದನ್ನು ಕೇಳಿಸಿದೆ.

"ದಯವಿಟ್ಟು ಔಷಧಿ ಕೌಂಟರ್‌ಗೆ ಬನ್ನಿ."

ಇನ್ನೊಂದು. "ದಯವಿಟ್ಟು ಔಷಧಿ ಕೌಂಟರ್‌ಗೆ ಬನ್ನಿ." ಹಿಂದೆ ಎಲ್ಲೋ ರೈಲು.

ಇನ್ನೊಂದರಲ್ಲಿ ‘ಕೊಠಡಿ’ಯ ಹತ್ತಿರ ದನಿ ತುಸು ಒಡೆದಿತ್ತು. ಒಂದರ ಕೊನೆಯಲ್ಲಿ ಬಳೆ ಸದ್ದು, ಒಂದು ಉಸಿರು. ಅವ್ವ ಪ್ರತಿಯೊಂದರ ಕೊನೆಗೂ ಮುಂದಕ್ಕೆ ಬಾಗುತ್ತಿದ್ದಳು. ಅಷ್ಟರಲ್ಲಿ ಮುಗಿಯುತ್ತಿತ್ತು. ಎಲ್ಲವೂ ಪುಸ್ತಕದ ಕನ್ನಡ. ನಗು ಇರಲಿಲ್ಲ. ಕುಕ್ಕರಿಗೆ ಬೈದದ್ದು ಇರಲಿಲ್ಲ.

ಅವನು ಪಟ್ಟಿಯ ಮೇಲೆ ಕೆಳಗೆ ಓಡಾಡಿ, ಕೊನೆಗೆ ಕೈ ತೆಗೆದ. ನನಗೂ ಅಷ್ಟರಲ್ಲಿ ಅರ್ಥವಾಗಿತ್ತು. ಪ್ಲೇಯರ್ ಹುಟ್ಟುವುದು ಪ್ಲೇ ಮಾಡಿದಾಗ ಮಾತ್ರ. ಸರಿ ಬಂದಿದೆಯೋ ಏನೋ ಎಂದು ಅನುಮಾನ ಬಂದವುಗಳನ್ನು ಅಕ್ಕ ಒಮ್ಮೆ ಕೇಳಿ ಆಮೇಲೆ ಅಳಿಸಿದ್ದಳು. ಅವು ಉಳಿದವು. ನಕ್ಕದ್ದು, ನಮ್ಮ ಜೊತೆ ಮಾತಾಡಿದ್ದು ಹಾಳಾಗಿದೆ ಎನ್ನುವುದು ಅವಳಿಗೆ ಕೇಳದೆಯೇ ಗೊತ್ತಿತ್ತು. ಅವನ್ನು ಕೇಳಿಸಿಕೊಳ್ಳದೆ ನೇರವಾಗಿ ಅಳಿಸಿದ್ದಳು. ಅವನ್ನು ಯಾರೂ ಹಿಡಿದುಕೊಂಡಿರಲಿಲ್ಲ, ಅವು ಆ ಭಾನುವಾರವೇ ಹೋಗಿದ್ದವು.

"ನನ್ನ ಕೋಡ್ ಇನ್ನೂ ಸ್ವಲ್ಪ ಕೆಟ್ಟದಾಗಿದ್ದಿದ್ರೆ ಎಲ್ಲಾ ಇರ್ತಿತ್ತು," ಅಂದ. ತಮಾಷೆಗೆ ಹೇಳಿದ್ದಲ್ಲ. ಅವ್ವನ ಕಡೆ ನೋಡಲು ಅವನಿಗೆ ಆಗುತ್ತಿರಲಿಲ್ಲ.

ಒಂದು ಬಾಕಿ ಇತ್ತು. ಅದರಲ್ಲಿ ಅಕ್ಕ "ದಯವಿಟ್ಟು ಎರಡನೇ ಮಹಡಿಗೆ" ಎಂದು ಶುರು ಮಾಡಿ ಮುಗಿಸುತ್ತಿದ್ದ ಹಾಗೆ ಒಲೆಯ ಕಡೆಯಿಂದ ಅವ್ವನ ದನಿ ಬಂತು. "ಏ, ಚಟ್ನಿಗಿ ಉಪ್ಪು ಹಿಡದದ ಏನು, ನೋಡ್ ಬಾ ಇಲ್ಲಿ." ಅಕ್ಕ ಬಾಯಿ ತೆರೆದ ಸದ್ದು ಕೇಳಿತು, ಅಷ್ಟಕ್ಕೆ ನಿಂತಿತು. ಅವಳು ಉತ್ತರ ಕೊಡುವ ಮೊದಲು ರೆಕಾರ್ಡಿಂಗ್ ನಿಲ್ಲಿಸಿದ್ದಳು. ಅವ್ವನ ದನಿ ಸೇರಿದೆಯೋ ಎಂದು ಒಮ್ಮೆ ಕೇಳಿ ಅಳಿಸಿರಬೇಕು.

"ನಾ ಎಷ್ಟು ಒದರ್ತೀನಿ ನೋಡು," ಅಂದಳು ಅವ್ವ. ಮತ್ತೆ ಹಾಕು ಅಂದಳು. ಹಾಕಿದೆ. ಮತ್ತೆ ಅಂದಳು. ಆಮೇಲೆ ಎದ್ದು ಚಹಾಕ್ಕೆ ಇಟ್ಟಳು. ಅವನು ಕುಡಿದು, ಇನ್ನೊಂದು ಲೋಟವನ್ನೂ ಬೇಡ ಅನ್ನದೆ ಕುಡಿದು ಹೊರಟ. ಸಂಜೆ ಅಪ್ಪ ಬಂದ ಮೇಲೆ ಅವ್ವನೇ ಅವನನ್ನು ಕೂರಿಸಿ ಎಲ್ಲವನ್ನೂ ಕೇಳಿಸಿದಳು. ಅಪ್ಪ ಮುಖ ತೊಳೆಯಲು ಹೋಗಿ ಬಹಳ ಹೊತ್ತು ಬರಲಿಲ್ಲ.

ಮರುದಿನ ಸರಿ ಮಾಡಿದ ಆವೃತ್ತಿ ಹೋಯಿತು. ಈಗ ಪ್ಲೇಯರ್ ಹೋಗುವಾಗ ವಿಂಡೋಗೆ ಹೇಳಿ ಹೋಗುತ್ತದೆ. ಪರದೆಗಳು ಸಂಜೆಯವರೆಗೂ ತಡವರಿಸುವುದಿಲ್ಲ, ಕರೆದ ಕೂಡಲೆ ಕರೆದದ್ದು ಪೂರ್ತಿ ಮಾಯವಾಗುತ್ತದೆ. ಟೆಸ್ಟ್ ಮಾಡಿ ಸರಿಯಾಗಿದೆ ಎಂದು ಬರೆದವಳು ನಾನೇ. ಲ್ಯಾಪ್‌ಟಾಪನ್ನು ಆಫೀಸಿಗೆ ಕೊಡಬೇಕಾಗಿ ಬಂದಾಗ ಆ ಪುಟವನ್ನು ರಿಫ್ರೆಶ್ ಮಾಡಿದೆ. ತಕ್ಷಣ ಬಂತು, ಹಗುರವಾಗಿ, ಖಾಲಿಯಾಗಿ.

ದನಿ ಬದಲಿಸಲೇ ಎಂದು ಮೇಡಂ ಕೇಳಿದರು. ಅವ್ವ ಇರಲಿ ಅಂದಳು. ಕಣ್ಣಿನ ವಿಭಾಗದಿಂದ ಮುಂದಿನ ಕೊಠಡಿಗಳನ್ನು ಬೇರೊಬ್ಬ ಹೆಂಗಸು ಹೇಳಿಕೊಟ್ಟರು. ಈಗ ಕೆಲವು ಕ್ಲಿನಿಕ್‌ಗಳಲ್ಲಿ ಅಕ್ಕ ಸಂಖ್ಯೆ ಕರೆಯುತ್ತಾಳೆ, ಎಲ್ಲಿಗೆ ಹೋಗಬೇಕೆಂದು ಬೇರೆ ದನಿ ಹೇಳುತ್ತದೆ.

ಅವ್ವ ಒಂದು ಸಲ ನನ್ನನ್ನು ಕೇಳಿದಳು. "ಉಪ್ಪು ನೋಡು ಅಂದಾಗ ಅಕಿ ಏನಂದ್ಲು? ನೀ ಅಲ್ಲೇ ಇದ್ದೆಲ್ಲ."

ಇದ್ದೆ. ಮಂಚದ ತುದಿಯಲ್ಲೇ ಕೂತಿದ್ದೆ. ಅಕ್ಕ ಕೌದಿಯಿಂದ ಹೊರಗೆ ಬಂದು ಏನೋ ಅಂದಳು, ಅವ್ವ ತಿರುಗಿ ಏನೋ ಅಂದಳು, ನಾವು ಮೂವರೂ ನಕ್ಕೆವು. ಅಷ್ಟು ನೆನಪಿದೆ. ಅಕ್ಕ ಏನಂದಳು ಎಂಬುದು ನನಗೆ ನೆನಪಿಲ್ಲ, ಅವ್ವನಿಗೂ ನೆನಪಿಲ್ಲ, ಬೇರೆ ಎಲ್ಲಿಯೂ ಇಲ್ಲ.